ಬುಯೊ ಮಾರು: ಸರಕು ಹಡಗಿನ ಒಡಲಲ್ಲಿದ್ದವರು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಭೂಸೇನೆ ಮತ್ತು ನೌಕಾಪಡೆಗಳು ಕೂಡಿ ಒಂದು ದೊಡ್ಡ ಲೆಕ್ಕ ಮಾಡಿದವು. ಯುದ್ಧದಲ್ಲಿ ಮುಳುಗಿದ ಜಪಾನಿ ಹಡಗುಗಳ ಪಟ್ಟಿ ಅದು, 1947ರಲ್ಲಿ ಪ್ರಕಟವಾಯಿತು. ಮುಳುಗಿದ ದಿನ, ಹಡಗಿನ ಹೆಸರು, ಬಗೆ, ಟನ್ನು, ಸಮುದ್ರದ ಯಾವ ಜಾಗ, ಮುಳುಗಿಸಿದವರು ಯಾರು ಎಂಬ ವಿವರಗಳು ಪುಟಗಟ್ಟಲೆ ಸಾಗುತ್ತವೆ. 1943ರ ಜನವರಿ 26ರ ಎದುರಿಗೆ ಬುಯೊ ಮಾರು ಎಂಬ ಹಡಗಿನ ಹೆಸರಿದೆ. 5,400 ಟನ್ನಿಗೂ ಮೇಲ್ಪಟ್ಟ ಹಡಗು. ಮುಳುಗಿಸಿದ್ದು ವಾಹೂ ಎಂಬ ಅಮೆರಿಕನ್ ಜಲಾಂತರ್ಗಾಮಿ. ಹಡಗಿನೊಳಗೆ ಯಾರಿದ್ದರು ಎಂದು ಬರೆಯಲು ಆ ಪಟ್ಟಿಯಲ್ಲಿ ಅಂಕಣವೇ ಇಲ್ಲ.

ಒಳಗೆ ಇದ್ದವರಲ್ಲಿ ನೂರಾರು ಮಂದಿ ಭಾರತೀಯರು. ಸಿಂಗಪುರದಲ್ಲಿ ಸೆರೆಸಿಕ್ಕ ಸೈನಿಕರು. ಅವರಲ್ಲಿ 195 ಮಂದಿ ಅಂದು ಸತ್ತರು. ಜನವರಿ 26 ಆಗಿನ್ನೂ ಗಣರಾಜ್ಯೋತ್ಸವದ ದಿನವಾಗಿರಲಿಲ್ಲ. 1930ರಿಂದ ಕಾಂಗ್ರೆಸ್ಸಿನವರು ಅದನ್ನು ಸ್ವಾತಂತ್ರ್ಯ ದಿನವೆಂದು ಆಚರಿಸುತ್ತಿದ್ದರು. 1943ರ ಆ ದಿನ ದೇಶದ ನಾಯಕರೆಲ್ಲ ಕ್ವಿಟ್ ಇಂಡಿಯಾ ಚಳವಳಿಯ ಕಾರಣಕ್ಕೆ ಜೈಲಿನಲ್ಲಿದ್ದರು. ಅದೇ ದಿನ ನ್ಯೂಗಿನಿಯ ಉತ್ತರದ ಸಮುದ್ರದಲ್ಲಿ ಜಪಾನಿ ಹಡಗಿನ ಒಡಲಲ್ಲಿದ್ದ ಬ್ರಿಟಿಷ್ ಭಾರತದ ಸಿಪಾಯಿಗಳು ಬ್ರಿಟನ್ನಿನ ಮಿತ್ರರಾಷ್ಟ್ರವಾದ ಅಮೆರಿಕದ ಟಾರ್ಪೆಡೊಗೆ ಸಿಕ್ಕರು.

ನಾನು ತಿಪಟೂರು ಸೀಮೆಯವನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಾವು ಸಮುದ್ರದಿಂದ ದೂರದ ಬಯಲಿನವರು. ಆದರೂ ತೆಂಗಿನ ಮರದ ದೆಸೆಯಿಂದ ನಮಗೂ ಆ ದ್ವೀಪಗಳಿಗೂ ಒಂದು ನಂಟಿದೆ. ನ್ಯೂಗಿನಿಯ ಕರಾವಳಿ ಮತ್ತು ಅದರ ಪಕ್ಕದ ನ್ಯೂ ಬ್ರಿಟನ್ ದ್ವೀಪಗಳು ಕೊಬ್ಬರಿಯ ನಾಡುಗಳೇ. ಮೊದಲು ಜರ್ಮನರು, ಆಮೇಲೆ ಆಸ್ಟ್ರೇಲಿಯನ್ನರು ಅಲ್ಲಿ ಸಾಲುಸಾಲಾಗಿ ತೆಂಗಿನ ತೋಟ ಹಾಕಿಸಿದ್ದರು. ನಮ್ಮದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವ, ತಿನ್ನುವ ಉಂಡೆ ಕೊಬ್ಬರಿ; ಅವರದು ಕಾಯಿ ಒಡೆದು ಒಣಗಿಸಿ ಎಣ್ಣೆಗಾಗಿ ಹಡಗಿಗೆ ತುಂಬುತ್ತಿದ್ದ ಕೊಬ್ಬರಿ. ಬುಯೊ ಮಾರುವಿನ ಕೈದಿಗಳನ್ನು ಕೂಲಿಗಾಗಿ ಒಯ್ಯುತ್ತಿದ್ದುದು ಇಂಥ ತೋಟಗಳಿದ್ದ ಕರಾವಳಿಗೆ.

ಮೊದಲು ಹಡಗಿನ ವಿಷಯ. ನಮ್ಮಲ್ಲಿ ಟನ್ ಎಂದರೆ ತೂಕ. ಹಡಗಿನ ಗ್ರಾಸ್ ಟನ್ ಎಂದರೆ ಒಳಗಿನ ಜಾಗದ ಅಳತೆ. ನೂರು ಘನ ಅಡಿಗೆ ಒಂದು ಟನ್. ಬುಯೊ ಮಾರುವಿನದು ಐದು ಲಕ್ಷ ನಲವತ್ತು ಸಾವಿರ ಘನ ಅಡಿಗೂ ಹೆಚ್ಚಿನ ಒಳಾವರಣ. ಎಂಜಿನ್ನು, ಕಲ್ಲಿದ್ದಲು, ನಾವಿಕರ ಕೋಣೆ ಎಲ್ಲ ಕಳೆದು ಉಳಿದದ್ದು ಸರಕಿಗೆ. ಮಾರು ಎಂಬುದು ಜಪಾನಿ ವ್ಯಾಪಾರಿ ಹಡಗುಗಳ ಹೆಸರಿನ ಕೊನೆಗೆ ಸೇರಿಸುವ ಹಳೆಯ ಪದ. ಮಾರು ಎಂದು ಕಂಡರೆ ಅದು ಯುದ್ಧಕ್ಕೆಂದು ಕಟ್ಟಿದ ಹಡಗಲ್ಲ, ವ್ಯಾಪಾರಕ್ಕೆ ಕಟ್ಟಿದ್ದು ಎಂದು ಸಾಮಾನ್ಯವಾಗಿ ತಿಳಿಯಬಹುದು.

ಆದರೆ ಯುದ್ಧ ಶುರುವಾದಾಗ ಜಪಾನ್ ಸರ್ಕಾರ ಈ ವ್ಯಾಪಾರಿ ಹಡಗುಗಳನ್ನು ಮೂರು ಪಾಲು ಮಾಡಿತು. ಭೂಸೇನೆಗೆ ಒಂದು, ನೌಕಾಪಡೆಗೆ ಒಂದು, ದೇಶದ ಅಕ್ಕಿ, ಕಲ್ಲಿದ್ದಲು, ಅದಿರು ಸಾಗಿಸಲು ಒಂದು. ಜಪಾನ್ ದ್ವೀಪರಾಷ್ಟ್ರ. 1942ರ ಮಧ್ಯದ ಹೊತ್ತಿಗೆ ಅದು ಗೆದ್ದುಕೊಂಡದ್ದೂ ದ್ವೀಪಗಳನ್ನೇ: ಫಿಲಿಪೀನ್ಸ್, ಜಾವಾ, ಸುಮಾತ್ರಾ, ನ್ಯೂ ಬ್ರಿಟನ್. ಸಿಪಾಯಿ, ಗುಂಡು, ಅಕ್ಕಿ, ಕುದುರೆ, ಪೆಟ್ರೋಲು ಎಲ್ಲವೂ ಈ ಮಾರುಗಳಲ್ಲೇ ಹೋಗಬೇಕು. ಅಷ್ಟು ಹಡಗುಗಳು ಅವರಲ್ಲಿ ಇರಲಿಲ್ಲ. ಹಾಗಾಗಿ ಸರಕಿನ ಕೋಣೆಯೊಳಗೆ ಮರದ ಅಟ್ಟಣೆಗಳನ್ನು ಕಟ್ಟಿ, ಒಂದರ ಮೇಲೊಂದು ಅಂತಸ್ತು ಮಾಡಿ, ಜನರನ್ನು ತುಂಬಿದರು. ತಮ್ಮ ಸೈನಿಕರನ್ನೂ ಅವರು ಹೀಗೆಯೇ ಸಾಗಿಸಿದರು. ಯುದ್ಧಕೈದಿಗಳನ್ನು ಅದಕ್ಕಿಂತ ಇಕ್ಕಟ್ಟಿನಲ್ಲಿ, ಕಡಿಮೆ ನೀರಿನಲ್ಲಿ, ಮೇಲಿನ ಬಾಗಿಲು ಮುಚ್ಚಿ ಸಾಗಿಸಿದರು. ಒಳಗೆ ಕೈದಿಗಳಿದ್ದಾರೆ ಎಂದು ತೋರಿಸುವ ಯಾವ ಗುರುತೂ ಹಡಗಿನ ಹೊರಗೆ ಇರುತ್ತಿರಲಿಲ್ಲ. ನೀರಿನಡಿಯಿಂದ ಪೆರಿಸ್ಕೋಪಿನಲ್ಲಿ ನೋಡುವವನಿಗೆ ಮದ್ದುಗುಂಡಿನ ಹಡಗೂ ಒಂದೇ, ಕೈದಿಗಳ ಹಡಗೂ ಒಂದೇ. ಬುಯೊ ಮಾರುವಿನಲ್ಲಿ ಕೈದಿಗಳ ಜೊತೆಗೆ ಜಪಾನಿ ಸೇನೆಯ ಮದ್ದುಗುಂಡು ಉಗ್ರಾಣದ ಒಂದು ತುಕಡಿಯ ಸೈನಿಕರೂ ಇದ್ದರು. ಹೀಗಿರುವಾಗ ಅದನ್ನು ಸೇನಾ ಹಡಗು ಎಂದದ್ದೂ ತಪ್ಪಲ್ಲ, ಕೈದಿಗಳ ಹಡಗು ಎಂದರೂ ತಪ್ಪಲ್ಲ.

ಈ ಕೈದಿಗಳು ಅಲ್ಲಿಗೆ ಬಂದದ್ದು ಹೇಗೆ? 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಎರಡು ದಿನದ ನಂತರ ಅಲ್ಲಿನ ಫೆರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಬೇರೆಯಾಗಿ ಸೇರಿಸಿ, ಬ್ರಿಟಿಷ್ ಅಧಿಕಾರಿಯೊಬ್ಬ ಅವರನ್ನು ಜಪಾನಿನ ವಶಕ್ಕೆ ಒಪ್ಪಿಸಿದ. ಜಪಾನಿನ ಮೇಜರ್ ಫುಜಿವಾರ ಮತ್ತು ಕ್ಯಾಪ್ಟನ್ ಮೋಹನ್ ಸಿಂಗ್ ಅಲ್ಲಿ ಮಾತಾಡಿ, ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಸೇನೆಗೆ ಸೇರಲು ಕರೆ ಕೊಟ್ಟರು. ಕೆಲವರು ಸೇರಿದರು, ಕೆಲವರು ಸೇರಲಿಲ್ಲ. ಸೇರದವರ ಕಾರಣಗಳು ಒಂದೇ ಬಗೆಯವಲ್ಲ. ಉಪ್ಪು ತಿಂದ ಋಣ ಎಂದವರಿದ್ದರು, ಜಪಾನಿನ ಮಾತಿನ ಮೇಲೆ ನಂಬಿಕೆಯಿಲ್ಲದವರಿದ್ದರು, ಊರಿನಲ್ಲಿ ಹೆಂಡತಿ ಮಕ್ಕಳಿಗೆ ಹೋಗುತ್ತಿದ್ದ ಸಂಬಳ ನಿಂತುಹೋದರೆ ಎಂಬ ಅಳುಕಿನವರೂ ಇದ್ದಿರಬೇಕು. 1942ರ ಡಿಸೆಂಬರಿನಲ್ಲಿ ಮೋಹನ್ ಸಿಂಗರಿಗೂ ಜಪಾನಿಯರಿಗೂ ಮುರಿದುಬಿದ್ದು ಆ ಮೊದಲ ಸೇನೆ ಚದುರಿಹೋಯಿತು. ಸುಭಾಷ್‌ಚಂದ್ರ ಬೋಸರು ಸಿಂಗಪುರಕ್ಕೆ ಬಂದದ್ದು 1943ರ ಜುಲೈಯಲ್ಲಿ. ಈ ನಡುವೆ, ಸೇನೆಗೆ ಸೇರದ ಸಾವಿರಾರು ಮಂದಿಯನ್ನು ಕೂಲಿಪಡೆಗಳಾಗಿ ವಿಂಗಡಿಸಿ ಪೆಸಿಫಿಕ್ ದ್ವೀಪಗಳಿಗೆ ಹಡಗು ಹತ್ತಿಸಲಾಯಿತು. ಬುಯೊ ಮಾರುವಿನಲ್ಲಿದ್ದದ್ದು 16ನೆಯ ಪಂಜಾಬ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನವರು. ಉತ್ತರ ಮಲಯಾದಿಂದ ಹಿಮ್ಮೆಟ್ಟುತ್ತಾ, ಕಾದಾಡುತ್ತಾ ಸಿಂಗಪುರಕ್ಕೆ ಬಂದು ಸೆರೆಯಾದವರು.

ಅದೇ ಶರಣಾಗತಿಯಲ್ಲಿ ನಮ್ಮವರೂ ಇದ್ದರು. ಸಿಂಗಪುರದ ರಕ್ಷಣೆಗೆ ನಿಂತ ದೇಶೀ ಸಂಸ್ಥಾನಗಳ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಒಂದನೆಯ ಮೈಸೂರು ಪದಾತಿದಳವೂ ಒಂದು. ಜಯಚಾಮರಾಜ ಒಡೆಯರ ಸೈನ್ಯದ ಆ ಬೆಟಾಲಿಯನ್ 1942ರ ಫೆಬ್ರವರಿಯಲ್ಲಿ ಉಳಿದವರ ಜೊತೆ ಆಯುಧ ಕೆಳಗಿಟ್ಟಿತು. ನಮ್ಮ ಕಡೆ ಇತಿಹಾಸ ಓದುವ ವಿದ್ಯಾರ್ಥಿಗಳನ್ನು ಕೇಳಿದರೆ ಹೈಫಾ ಗೊತ್ತು, ಸಿಂಗಪುರದ ಮೈಸೂರು ಪದಾತಿದಳ ಗೊತ್ತಿಲ್ಲ.

ಈಗ ಜನವರಿ 26ಕ್ಕೆ ಬರೋಣ. ವಾಹೂವಿನ ಕ್ಯಾಪ್ಟನ್ ಡಡ್ಲಿ ಮಾರ್ಟನ್. ಎರಡು ದಿನ ಮುಂಚೆ ಅವನು ನ್ಯೂಗಿನಿಯ ವೀವಾಕ್ ಬಂದರಿನೊಳಕ್ಕೇ ನುಗ್ಗಿ ಜಪಾನಿನ ಹರುಸಾಮೆ ಎಂಬ ಯುದ್ಧನೌಕೆಗೆ ಟಾರ್ಪೆಡೊ ಹೊಡೆದಿದ್ದ. 26ರಂದು ತೆರೆದ ಸಮುದ್ರದಲ್ಲಿ ಒಂದು ಸಣ್ಣ ಹಡಗುಗುಂಪು ಅವನಿಗೆ ಸಿಕ್ಕಿತು. ಫುಕುಯೆಯಿ ಮಾರು ಎಂಬ ಚಿಕ್ಕ ಹಡಗು ಮುಳುಗಿತು. ಬುಯೊ ಮಾರುವಿಗೂ ಟಾರ್ಪೆಡೊ ಬಿತ್ತು. ಅದರಲ್ಲಿ ಒಟ್ಟು 1,126 ಜನರಿದ್ದರು. ಹಡಗು ಮುಳುಗುತ್ತಿದ್ದಂತೆ ಜನ ನೀರಿಗಿಳಿದರು. ಸುಮಾರು ಇಪ್ಪತ್ತು ದೋಣಿಗಳು ತೇಲುತ್ತಿದ್ದವು. ಮಧ್ಯಾಹ್ನ ವಾಹೂ ನೀರಿನ ಮೇಲೆ ಬಂತು. ಬಂದು ಆ ದೋಣಿಗಳ ಮೇಲೆ ಫಿರಂಗಿಯಿಂದಲೂ ಮೆಷಿನ್‌ಗನ್ನಿನಿಂದಲೂ ಗುಂಡು ಹಾರಿಸಿತು.

ದೋಣಿಗಳಲ್ಲಿದ್ದವರೆಲ್ಲ ಜಪಾನಿ ಸೈನಿಕರೆಂದೇ ಮಾರ್ಟನ್ ತಿಳಿದಿದ್ದ. ಬಿಟ್ಟರೆ ಇವರು ನಾಳೆ ನ್ಯೂಗಿನಿಯ ದಡ ಸೇರಿ ನಮ್ಮವರ ಮೇಲೆ ಬಂದೂಕು ಹಿಡಿಯುತ್ತಾರೆ ಎಂಬುದು ಅವನ ಪರವಾಗಿ ಹೇಳುವ ವಾದ. ಅವನ ಕೆಳಗಿನ ಅಧಿಕಾರಿಯಾಗಿದ್ದ ರಿಚರ್ಡ್ ಓಕೇನ್, ಗುಂಡು ಹಾರಿಸಿದ್ದು ದೋಣಿ ಬಿಡಿಸುವುದಕ್ಕೇ ಹೊರತು ಮನುಷ್ಯರನ್ನು ಗುರಿಯಿಟ್ಟು ಕೊಲ್ಲುವುದಕ್ಕಲ್ಲ ಎಂದು ಮುಂದೆ ಬರೆದ. ದೋಣಿಗಳ ಕಡೆಯಿಂದಲೂ ಗುಂಡು ಬಂತು ಎಂದು ಅಮೆರಿಕದ ನೌಕಾಪಡೆಯ ಹಿರಿಯರು ಸಮರ್ಥಿಸಿದರು. ಕಾದಾಟ ಮುಗಿದ ಮೇಲೆ ಹಡಗೊಡೆದು ನೀರಿಗೆ ಬಿದ್ದವರನ್ನು ಹುಡುಕಿ ಕಾಪಾಡಬೇಕೆಂದು 1907ರ ಹೇಗ್ ಒಪ್ಪಂದ ಹೇಳುತ್ತದೆ ಎಂಬುದು ಎದುರುವಾದ. ಟಾರ್ಪೆಡೊ, ಗುಂಡು, ಸಮುದ್ರ ಮೂರೂ ಸೇರಿ 195 ಭಾರತೀಯರನ್ನೂ 87 ಜಪಾನಿಯರನ್ನೂ ತೆಗೆದುಕೊಂಡವು. ಸತ್ತ 282 ಜನರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಮಿತ್ರಪಕ್ಷದವರೇ.

ಫೆಬ್ರವರಿ 7ರಂದು ವಾಹೂ ಪರ್ಲ್ ಹಾರ್ಬರ್ ಬಂದರಿಗೆ ಮರಳಿತು. ಎದುರಿಗೆ ಸಿಕ್ಕದ್ದನ್ನೆಲ್ಲ ಗುಡಿಸಿ ಹಾಕಿದೆವು ಎಂದು ತೋರಿಸಲು ಪೆರಿಸ್ಕೋಪಿಗೆ ಒಂದು ಪೊರಕೆ ಕಟ್ಟಿಕೊಂಡು ಬಂದಿತ್ತು. ಮಾರ್ಟನ್‌ಗೆ ನೇವಿ ಕ್ರಾಸ್ ಪದಕ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನಿನ ಉತ್ತರದ ಜಲಸಂಧಿಯೊಂದರಲ್ಲಿ ವಾಹೂ ತನ್ನ ಎಲ್ಲ ನಾವಿಕರೊಂದಿಗೆ ಮುಳುಗಿತು. 2006ರಲ್ಲಿ ಅದರ ಅವಶೇಷ ಸಿಕ್ಕಿತು. ಅಮೆರಿಕದಲ್ಲಿ ಮಾರ್ಟನ್‌ನನ್ನು ಹೊಗಳಿಯೂ ತೆಗಳಿಯೂ ಪುಸ್ತಕಗಳಿವೆ. ದಶಕಗಳ ಕಾಲ ಆ ಚರ್ಚೆಯೆಲ್ಲ ದೋಣಿಯಲ್ಲಿದ್ದ ಜಪಾನಿಯರನ್ನು ಕೊಂದದ್ದು ಸರಿಯೇ ಎಂಬುದರ ಸುತ್ತಲೇ ನಡೆಯಿತು. ನೀರಿನಲ್ಲಿ ಭಾರತೀಯರೂ ಇದ್ದರು ಎಂಬುದು ಬಹಳ ತಡವಾಗಿ, ಜಪಾನಿ ದಾಖಲೆಗಳನ್ನು ಓದಿದ ಸಂಶೋಧಕರಿಂದ ಚರ್ಚೆಯೊಳಕ್ಕೆ ಬಂತು.

ಇದನ್ನು ಓದಿ ಮಾರ್ಟನ್‌ನನ್ನೊಬ್ಬನನ್ನೇ ಅಪರಾಧಿಯಾಗಿ ನಿಲ್ಲಿಸುವುದು ಸುಲಭ. ಆದರೆ ಕೈದಿಗಳನ್ನು ಗುರುತಿಲ್ಲದ ಹಡಗಿಗೆ, ಮದ್ದುಗುಂಡಿನ ತುಕಡಿಯ ಜೊತೆಯಲ್ಲೇ ತುಂಬಿ, ಶತ್ರು ಜಲಾಂತರ್ಗಾಮಿಗಳು ಕಾದಿರುವ ದಾರಿಗೆ ಬಿಟ್ಟದ್ದು ಜಪಾನಿ ಸೇನೆ. ಯುದ್ಧಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಭಾರತೀಯರ ವಿಷಯದಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯುದ್ಧಾನಂತರ ಆಸ್ಟ್ರೇಲಿಯನ್ನರು ರಬೌಲ್‌ನಲ್ಲಿ ನಡೆಸಿದ ವಿಚಾರಣೆಗಳಲ್ಲಿ, ಈ ಭಾರತೀಯರು ಕೈದಿಗಳೇ ಅಲ್ಲ, ತಾವಾಗಿ ನಮ್ಮ ಸೇನೆಯ ಕೆಲಸಕ್ಕೆ ಸೇರಿದವರು ಎಂದು ಜಪಾನಿ ಅಧಿಕಾರಿಗಳ ಪರ ವಾದ ಹೂಡಲಾಯಿತು. ಕೈದಿಯಲ್ಲ ಎಂದಾದರೆ ಕೈದಿಗಿರುವ ರಕ್ಷಣೆಯೂ ಇಲ್ಲ. ಬದುಕಿದ್ದಾಗ ಹಡಗಿನಲ್ಲಿ ಸರಕಾದವರು ಕೋರ್ಟಿನಲ್ಲಿ ಒಂದು ಪದದ ಅರ್ಥದ ಮೇಲಿನ ಜಗಳವಾದರು.

ಇಂಥ ಹಡಗಿನಲ್ಲಿ ಹೋಗಿ ಬದುಕಿ ಬಂದು ಬರೆದಿಟ್ಟವರೊಬ್ಬರು ನಮ್ಮ ಕರ್ನಾಟಕದವರೇ. ಮಂಗಳೂರಿನ ಬಳಿಯ ಕಿನ್ನಿಗೋಳಿಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ. ಭಾರತೀಯ ಸೇನೆಯಲ್ಲಿ ಗುಮಾಸ್ತೆ ಕೆಲಸದಲ್ಲಿದ್ದ ಅವರು ಸಿಂಗಪುರದಲ್ಲಿ ಸೆರೆಯಾದರು, ಹೊಸ ಸೇನೆಗೆ ಸೇರಲಿಲ್ಲ. ಅವರನ್ನು ಜಪಾನಿ ಹಡಗೊಂದರಲ್ಲಿ ನ್ಯೂ ಬ್ರಿಟನ್ ದ್ವೀಪಕ್ಕೆ ಒಯ್ದರು. ಯುದ್ಧ ಮುಗಿದು ಊರಿಗೆ ಬಂದಮೇಲೆ ತಾವು ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರು. ಹಡಗಿನ ಒಡಲಿನ ಇಕ್ಕಟ್ಟು, ಹಸಿವು, ಬೆರಿಬೆರಿ, ಹೊಡೆತ, ಮೇಲಿಂದ ಮಿತ್ರಪಕ್ಷದ ಬಾಂಬು, ಕೊನೆಗೆ ನರಮಾಂಸ ಭಕ್ಷಣೆಯವರೆಗಿನ ಸಂಗತಿಗಳು ಅದರಲ್ಲಿವೆ. ಆ ಬರಹ ಐವತ್ತು ವರ್ಷ ಮನೆಯಲ್ಲೇ ಉಳಿಯಿತು. 1990ರ ದಶಕದ ಕೊನೆಯಲ್ಲಿ ಅವರ ಮಗ, ಕಾದಂಬರಿಕಾರ ರಿಚರ್ಡ್ ಕ್ರಾಸ್ತಾ ಅದನ್ನು ಪುಸ್ತಕ ಮಾಡಿದರು. ಪುಸ್ತಕದ ಉಪಶೀರ್ಷಿಕೆಯಲ್ಲಿ ಲೇಖಕರನ್ನು 'ಅಜ್ಞಾತ ಭಾರತೀಯ ಯುದ್ಧಕೈದಿ' ಎಂದೇ ಕರೆದಿದೆ. ಆ ಪುಸ್ತಕವೇ ನನ್ನನ್ನು ಬುಯೊ ಮಾರುವಿನ ಕಡೆ ನಡೆಸಿದ್ದು. ಹಡಗುಗಳ ಪಟ್ಟಿಯಲ್ಲಿ ಟನ್ನುಗಳನ್ನು ನೋಡುವಾಗ, ಆ ಟನ್ನಿನೊಳಗೆ ಕಿನ್ನಿಗೋಳಿಯವರೊಬ್ಬರು ಮಂಡಿ ಮಡಚಿ ಕೂತಿದ್ದರು ಎಂದು ಗೊತ್ತಾದ ಮೇಲೆ ಆ ಪಟ್ಟಿಯನ್ನು ಮೊದಲಿನಂತೆ ಓದಲು ಆಗುವುದಿಲ್ಲ.

1945ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯನ್ನರು ರಬೌಲ್ ಪ್ರದೇಶಕ್ಕೆ ಬಂದಾಗ 5,500ಕ್ಕೂ ಹೆಚ್ಚು ಭಾರತೀಯರು ಅಲ್ಲಿ ಬದುಕಿದ್ದರು. ವೀವಾಕ್ ಕಡೆಗೆ ಹೋದವರ ಕಥೆ ಇನ್ನೂ ಕಠಿಣ. 1943ರಲ್ಲಿ ಅಲ್ಲಿಗೆ ಒಯ್ದ ಸುಮಾರು 3,000 ಮಂದಿಯಲ್ಲಿ ಜಮಾದಾರ್ ಚಿಂತ್ ಸಿಂಗ್ ಅವರ ಗುಂಪಿನಲ್ಲಿ ಕೊನೆಗೆ ಆಸ್ಟ್ರೇಲಿಯನ್ನರ ಕೈಗೆ ಜೀವಂತ ಸಿಕ್ಕವರು ಹನ್ನೊಂದು ಜನ. ಅವರಲ್ಲಿ ಹತ್ತು ಜನ ಊರಿಗೆ ಮರಳುವ ದಾರಿಯಲ್ಲಿ ವಿಮಾನ ಬಿದ್ದು ಸತ್ತರು. ಅಪರಾಧಿಗಳನ್ನು ಗುರುತಿಸಿ ಸಾಕ್ಷಿ ಹೇಳಲು ಹಿಂದೆ ಉಳಿದಿದ್ದ ಚಿಂತ್ ಸಿಂಗ್ ಒಬ್ಬರೇ ಉಳಿದರು.

ಅದೇ ವರ್ಷಗಳಲ್ಲಿ ಯುದ್ಧ ನಮ್ಮ ಬಯಲುಸೀಮೆಗೆ ಬಂದದ್ದು ಪಡಿತರವಾಗಿ, ಸೀಮೆಎಣ್ಣೆಯ ಅಭಾವವಾಗಿ, ಬೆಲೆಯಾಗಿ. ಫಿಲಿಪೀನ್ಸ್, ಡಚ್ಚರ ದ್ವೀಪಗಳು, ಮಲಯಾ ಜಪಾನಿನ ಕೈಗೆ ಹೋದಾಗ ಜಗತ್ತಿನ ಕೊಬ್ಬರಿ ವ್ಯಾಪಾರದ ದೊಡ್ಡ ಪಾಲು ಅವರ ಬೇಲಿಯೊಳಗೆ ಸೇರಿತು. ಭಾರತ ಸರ್ಕಾರ ತೆಂಗು ಬೆಳೆಯ ಅಭಿವೃದ್ಧಿಗೆಂದೇ 1944ರಲ್ಲಿ ಭಾರತೀಯ ತೆಂಗು ಸಮಿತಿ ಕಾಯಿದೆ ಮಾಡಿತು. ಯುದ್ಧಕಾಲದ ಕೊಬ್ಬರಿಯ ಕಥೆ ಕಡತಗಳಲ್ಲಿ ಸಿಗುತ್ತದೆ. ದೂರದ ಕೊಬ್ಬರಿಯ ದ್ವೀಪಕ್ಕೆ ಕೂಲಿಯಾಗಿ ಹೋದ ಸಿಪಾಯಿಯ ಕಥೆಗೆ ಅಂಥ ಕಡತವಿಲ್ಲ.

ಯಾಕೆ ಹೀಗಾಯಿತು? ನನಗೆ ತೋಚುವ ಕಾರಣ ಒಂದೇ. ಈ ಸತ್ತವರು ಯಾರ ಕಥೆಗೂ ಹೊಂದುವುದಿಲ್ಲ. ಬ್ರಿಟಿಷರಿಗೆ ಸಿಂಗಪುರ ಒಂದು ಅವಮಾನ; ಅದನ್ನು ನೆನೆಸಿಕೊಂಡರೂ ಸಯಾಮಿನ ರೈಲುದಾರಿಯಲ್ಲಿ ನವೆದ ತಮ್ಮವರನ್ನು ನೆನೆಯುತ್ತಾರೆ. ಅಮೆರಿಕನ್ನರಿಗೆ ವಾಹೂ ಒಂದು ಪರಾಕ್ರಮ. ಜಪಾನಿಯರಿಗೆ ತಮ್ಮದೇ ವ್ಯಾಪಾರಿ ನಾವಿಕರು ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತ ದುಃಖವಿದೆ. ನಮಗೆ ಆ ಕಾಲದ ವೀರರೆಂದರೆ ಒಂದೋ ಕ್ವಿಟ್ ಇಂಡಿಯಾದವರು, ಇಲ್ಲವೇ ನೇತಾಜಿಯ ಸೇನೆಯವರು. ಈಸೂರಿನ ಐವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚಿನಲ್ಲಿ, ಬುಯೊ ಮಾರು ಮುಳುಗಿದ ಒಂದೂವರೆ ತಿಂಗಳಿಗೆ. ಈಸೂರನ್ನು ನಾವು ನೆನೆಯುವುದು ನ್ಯಾಯ. ಆದರೆ ಪರಂಗಿಯವರ ಸಂಬಳ ತಿಂದು, ಶರಣಾಗಿ, ನೇತಾಜಿಯ ಸೇನೆಗೂ ಸೇರದೆ, ಕೂಲಿಯಾಗಿ ಸತ್ತವನನ್ನು ಎಲ್ಲಿಡುವುದು? ಸೋತವನಿಗೆ ಸ್ಮಾರಕ ಕಟ್ಟುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯಲ್ಲಿ ವಿಗ್ರಹವಿದೆ. ಸಿಂಗಪುರದ ಮೈಸೂರು ಪದಾತಿದಳ ಗೆಲ್ಲಲಿಲ್ಲ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಆ ದಳ ಮದ್ರಾಸ್ ರೆಜಿಮೆಂಟಿಗೆ ಸೇರಿಹೋಯಿತು.

ನಮ್ಮ ಪೂರ್ವಿಕರಿಗೆ ಈ ಕಷ್ಟ ಇರಲಿಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಸೀಮೆಯ ಊರುಗಳಲ್ಲಿ ಕೆರೆ ಏರಿಯ ಮೇಲೋ, ಗುಡಿಯ ಹಿಂದೋ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಹಿಡಿದೊಯ್ಯಲು ಬಂದವರ ಜೊತೆ ಕಾದಾಡಿ ಸತ್ತವನಿಗೂ ಅಲ್ಲಿ ಕಲ್ಲಿದೆ. ಅವನು ಗೆದ್ದನೋ ಸೋತನೋ, ಅವನ ಒಡೆಯ ಒಳ್ಳೆಯವನೋ ಕೆಟ್ಟವನೋ ಎಂದು ಕಲ್ಲು ಕೇಳುವುದಿಲ್ಲ. ಇಂಥವನು, ಇಂಥವನ ಮಗ, ಇಲ್ಲಿ ಸತ್ತ ಎಂದು ಹೇಳಿದರೆ ಅದರ ಕೆಲಸ ಮುಗಿಯಿತು. 1943ರಲ್ಲಿ ಸತ್ತವರ ಹೆಸರುಗಳು ಸಿಂಗಪುರದ ಕ್ರಾಂಜಿಯಲ್ಲಿರುವ, 24,000ಕ್ಕೂ ಹೆಚ್ಚು ಹೆಸರುಗಳ ಗೋಡೆಯಂಥ ಕಡೆಗಳಲ್ಲಿವೆ. ರಬೌಲ್ ಬಳಿಯ ಬೀಟಾ ಪಾಕಾ ಯುದ್ಧ ಸ್ಮಶಾನದಲ್ಲೂ ಭಾರತೀಯರ ಸಮಾಧಿಗಳಿವೆ. ಅವರ ಊರಿನಲ್ಲಿ ಕಲ್ಲಿಲ್ಲ.

ಇತಿಹಾಸದ ವಿದ್ಯಾರ್ಥಿಗಳು ಈ ಪತ್ರಿಕೆಯನ್ನು ಓದುತ್ತೀರಿ, ಹಾಗಾಗಿ ಕೊನೆಯ ಮಾತು ನಿಮಗೆ. ಯುದ್ಧದ ಪುಸ್ತಕದಲ್ಲಿ 'ಒಂದು ಸರಕು ಹಡಗು ಮುಳುಗಿತು' ಎಂಬ ವಾಕ್ಯ ಸಿಕ್ಕರೆ, ಸರಕು ಏನಿತ್ತು ಎಂದು ಕೇಳಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಯಾರು ಬೇಕಾದರೂ ಹುಡುಕಬಹುದು. ಭಾರತೀಯ ಸೈನಿಕರ ಹೆಸರಿನ ಮುಂದೆ ಎಷ್ಟೋ ಕಡೆ ತಂದೆಯ ಹೆಸರು, ಹಳ್ಳಿಯ ಹೆಸರು ಇರುತ್ತದೆ. ಇಂಗ್ಲಿಷ್ ಗುಮಾಸ್ತೆಯ ಕೈಯಲ್ಲಿ ಸಿಕ್ಕು ಅಕ್ಷರ ಕೆಟ್ಟಿರುತ್ತದೆ, ಆ ಊರಿನವರಿಗೆ ಮಾತ್ರ ಗುರುತು ಹತ್ತುತ್ತದೆ. ಹಾಗೆಯೇ ಮನೆಯ ಅಟ್ಟದ ಮೇಲೆ ಕಾಯಿರಾಶಿಯ ಪಕ್ಕದಲ್ಲಿ ತುಕ್ಕು ಹಿಡಿದ ಟ್ರಂಕಿದ್ದರೆ, ಮಾರುವ ಮುಂಚೆ ತೆಗೆದು ನೋಡಿ. ಪಿಂಚಣಿಯ ಕಾಗದ, ಸೈನ್ಯದಿಂದ ಬಿಡುಗಡೆಯ ಪತ್ರ, ಒಂದು ಪದಕ, ರೆಜಿಮೆಂಟಿನ ನಂಬರು ಬರೆದ ಒಂದು ಚೀಟಿ ಸಿಗಬಹುದು. ಕ್ರಾಸ್ತಾ ಅವರ ಬರಹ ಐವತ್ತು ವರ್ಷ ಕಾದಿತ್ತು. ಕಾಗದಕ್ಕೆ ಅದಕ್ಕಿಂತ ಹೆಚ್ಚು ಕಾಯುವ ಶಕ್ತಿ ಇರುವುದಿಲ್ಲ, ನಮ್ಮ ಕಡೆಯ ಗೆದ್ದಲಿಗೆ ತಾಳ್ಮೆಯೂ ಇಲ್ಲ.